ಸೋಮವಾರದ ಜಡ್ಡು

ಗಿರಣಿ ಚಾಳ, ಸೋಲಾಪುರ
ಭಾನುವಾರ, ೧೮ ಫೆಬ್ರವರಿ ೧೯೭೯

ಮುದ್ದು ಭಾನುದಾಸಾ,

ಆಯಿಯ ಆಶೀರ್ವಾದ ಮೊದಲು, ಆಮೇಲೆ ಪ್ರಶ್ನೆ. ಹಿಮದಲ್ಲಿ ಕಾಲ್ಬೆರಳು ಒಡೆದಿವೆ ಅಂತ ಬರೆದಿದ್ದೆಯಲ್ಲ, ಮಾಯ್ದವೇನು? ಅಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿಬಿಡುತ್ತದೆ ಅಂದಿದ್ದೆ. ಬಾಟಲಿಯನ್ನು ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೋ, ಕರಗುತ್ತದೆ. ನಾನು ಕಳಿಸಿದ ಶೇಂಗಾ ಚಟ್ನಿಯನ್ನು ನಿನ್ನ ಪಲ್ಟನ್ನಿನ ಹುಡುಗರು ಒಂದೇ ಊಟಕ್ಕೆ ಖಾಲಿ ಮಾಡಿದರೆಂದು ಓದಿ ನಗು ಬಂತು. ಇನ್ನೊಮ್ಮೆ ಕುಟ್ಟಿ ಕಳಿಸುತ್ತೇನೆ, ಸ್ವಲ್ಪ ದಿನ ಹೋಗಲಿ.

ಈಗ ಎಲ್ಲಾದರೂ ಕೂತುಕೊಂಡು ಓದು, ಮಗಾ. ನಿನ್ನ ಸೋಪಾನ ಕಾಕಾ ಹೋದ. ಸಂಕ್ರಾಂತಿ ಕಳೆದು ಎಳ್ಳಿನುಂಡೆ ಡಬ್ಬಿಯಲ್ಲಿ ಇನ್ನೂ ಇದ್ದವು. ತಂತಿ ಕೊಡೋಣ ಅಂದೆ. 'ಅಷ್ಟು ದೂರ ಇರೋ ಹುಡುಗ ಏನು ಮಾಡ್ಯಾನು? ಅಳಕೋತ ಬಂದೂಕು ಹಿಡೀಬೇಕೇನು?' ಅಂದರು ನಿನ್ನ ಅಪ್ಪ. ಪತ್ರ ಬರೆಯಲು ಎಷ್ಟೋ ಸಲ ಕೂತೆ. ಕೈ ಮುಂದೆ ಹೋಗಲಿಲ್ಲ.

ಸೋಮವಾರದ ಜಡ್ಡು ನಿನಗೆ ಗೊತ್ತೇ ಇದೆ. ಹತ್ತಿ ಹಿಂಜುವ ಖಾತೆಯ ಗಂಡಸರು ಭಾನುವಾರ ಮನೆಯಲ್ಲಿ ಆರಾಮಾಗಿದ್ದು, ಸೋಮವಾರ ಒಳಗೆ ಕಾಲಿಟ್ಟ ಕೂಡಲೇ ಎದೆಯ ಮೇಲೆ ಬೀಸುಕಲ್ಲು ಇಟ್ಟಂತೆ ಆಗುವುದು, ಸಂಜೆಗೆ ಚಳಿಜ್ವರ, ಗುರುವಾರದ ಹೊತ್ತಿಗೆ ಹಗುರ. ಅದಕ್ಕೆ ಹೆದರಿ ಸೋಮವಾರ ಹೋಗದೆ ಉಳಿಯುವವರೂ ಇದ್ದರು. ದೀಪಾವಳಿಯ ಮೇಲೆ ಮುಂಬಯಿಯಿಂದ ಹೊಸ ಮ್ಯಾನೇಜರ್ ಬಂದ. ಈ ಸೋಮವಾರದ ಗೈರುಹಾಜರಿ ನೋಡಿ, 'ಭಾನುವಾರ ಕುಡದು ಬೀಳತಾರ, ಸೋಮವಾರ ಜಡ್ಡು ಅಂತಾರ' ಅಂತ ತೀರ್ಮಾನ ಮಾಡಿಬಿಟ್ಟ. ನಿನ್ನ ಅಪ್ಪ ಆಳುಗಳ ಮೇಲಿನ ಮುಕಾದಮರು, ಕೊರಳಲ್ಲಿ ತುಳಸಿಮಾಳೆ, ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಸೋಮವಾರ ಗೇಟಿನಲ್ಲಿ ನಿಂತು ಎಲ್ಲರ ಬಾಯಿ ಮೂಸುವ ಕೆಲಸ ಅವರಿಗೇ ಬಂತು. ಬಾರದವರನ್ನು ಚಾಳಿಗೆ ಹೋಗಿ ಎಬ್ಬಿಸಿ ತರುವುದೂ ಅವರೇ. ಮೊದಮೊದಲು ಜನ ನಗೆಯಾಡಿದರು. 'ಮಾರುತಿರಾವ, ನಮ್ಮ ಹೆಂಡರೂ ಇಷ್ಟು ಹತ್ತಿರ ಬರಂಗಿಲ್ಲೋ!' ಅನ್ನುವರು. ನಿನ್ನ ಅಪ್ಪ ನಗುತ್ತಿರಲಿಲ್ಲ. ಕುಡುಕರ ಮನೆ ಉಳಿಸುತ್ತಿದ್ದೇನೆ ಅಂತಲೇ ನಂಬಿದ್ದರು.

ಅದೇ ಖಾತೆಯಲ್ಲಿದ್ದ ಕಾಕಾನ ಉಬ್ಬಸಕ್ಕೆ ಒಂದು ವರ್ಷದಿಂದ ಸೋಮವಾರವೂ ಒಂದೇ, ಶನಿವಾರವೂ ಒಂದೇ ಆಗಿತ್ತು. ಚಾಳಿನ ಮೆಟ್ಟಿಲ ನಡುವೆ ನಿಂತು, ಯಾರಾದರೂ ನೋಡಿದರೆ ಬೀಡಿ ಹುಡುಕುವವನ ಹಾಗೆ ಜೇಬು ತಡಕುವನು. ಬಿಸಿ ಮಾಡಿದ ಹೆಂಡ ಒಂದು ಗುಟುಕು ಹೋದರೆ ಉಸಿರು ಸಡಿಲವಾಗುತ್ತದೆ ಅಂತ ಯಾರೋ ಹೇಳಿದರಂತೆ. ರಾತ್ರಿ ಹೊತ್ತು ಮೂಗು ಹಿಡಿದುಕೊಂಡು ಕಷಾಯದಂತೆ ಕುಡಿಯುತ್ತಿದ್ದನಂತೆ. ಗಂಡನ ಈ ಗುಟ್ಟು ಹಿರಾ ಕಾಕು ನಮಗೆ ಆಮೇಲೆ ಹೇಳಿದ್ದು.

ಆ ಸೋಮವಾರ ಅವನು ಗೇಟಿಗೆ ಬರಲಿಲ್ಲ. ನಿನ್ನ ಅಪ್ಪ ಅವನ ಖೋಲಿಗೆ ಹೋದರು. ಕಾಕು ಅಡ್ಡ ನಿಂತು, 'ಇವತ್ತೊಂದು ದಿನ ಬಿಡ್ರಿ ಭಾವಾ, ರಾತ್ರಿಯೆಲ್ಲ ಗ್ವಾಡಿಗೆ ಆನಿಕೊಂಡು ಕೂತೇ ಇದ್ದರು' ಅಂದಳು. ಇವರು ಬಗ್ಗಿ ಮೂಸಿದರು. ವಾಸನೆ ಬಂತು. ಆಮೇಲಿನದು ಇಡೀ ಚಾಳು ಕೇಳಿತು, ನನ್ನ ಒಲೆಯ ಮುಂದೆ ನನಗೂ ಕೇಳಿತು. 'ಪಂಢರಪುರಕ್ಕೆ ನಡಕೋತ ಹೋಗೋ ಮನೆತನದಾಗ ಹುಟ್ಟಿ ಇದೇನೋ ಮಾಡಾಕತ್ತಿ? ಕುಡಿಯಾಕ ಉಸಿರೈತಿ, ದುಡಿಯಾಕ ಇಲ್ಲೇನು?' ಕಾಕಾ ತಿರುಗಿ ಒಂದು ಮಾತೂ ಆಡಲಿಲ್ಲ. ನಮಗೆಲ್ಲ ಅದು ಮೊಂಡುತನದಂತೆ ಕಂಡಿತು. ಮಾತಾಡುವಷ್ಟು ಉಸಿರೇ ಅವನಲ್ಲಿ ಇರಲಿಲ್ಲ ಮಗಾ. ಅಂಗಿ ಹಾಕಿಕೊಂಡು ಅಣ್ಣನ ಹಿಂದೆ ನಡೆದ.

ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗುವ ಮೊದಲೇ ಹತ್ತಿ ಸಾಗಿಸುವ ಕೈಗಾಡಿಯಲ್ಲಿ ಮಲಗಿಸಿ ಹೊರಗೆ ತಂದರು. ತುಟಿ ನೇರಳೆ ಹಣ್ಣಿನ ಬಣ್ಣ, ರೆಪ್ಪೆಯ ತುಂಬ ಬಿಳೀ ಧೂಳು. ಸರಕಾರಿ ದವಾಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು, ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. 'ಯಾವ ಖಾತೆ?' ಅಂತ ಕೇಳಿದಳು. ನಿನ್ನ ಅಪ್ಪ ತಲೆ ತಗ್ಗಿಸಿ, 'ಕುಡೀತಾನ್ರೀ' ಅಂದರು. 'ಅದನ್ನ ಕೇಳಲಿಲ್ಲ ನಾನು. ಕುಡದಿದ್ದಕ್ಕ ಉಬ್ಬಸ ಬಂದಿಲ್ಲ. ಉಬ್ಬಸ ತಡೀಲಾರದ ಕುಡದಾನ' ಅಂದಳು. ಹತ್ತಿಯ ಧೂಳು ಎದೆ ಹಿಡಿಯುತ್ತದಂತೆ. ವಾರವೆಲ್ಲ ಮೈ ಹೇಗೋ ಒಗ್ಗಿಸಿಕೊಂಡಿರುತ್ತದೆ, ಒಂದು ದಿನ ಬಿಟ್ಟು ಹೋದರೆ ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ಹೀಗಾದರೆ ಹಿಂದಕ್ಕೆ ಬರುವುದಿಲ್ಲ. ಧೂಳು ಎಳೆಯುವ ಯಂತ್ರ ಕೂಡಿಸಬೇಕು, ವರ್ಷಕ್ಕೊಮ್ಮೆ ಎದೆ ನೋಡಬೇಕು, ಉಬ್ಬಸ ಶುರುವಾದವನನ್ನು ಬೇರೆ ಖಾತೆಗೆ ಹಾಕಬೇಕು ಅಂದಳು. 'ಹೋದ ವರ್ಷ ಬ್ಯಾರೆ ಖಾತೆಗೆ ಹಾಕಿದ್ದರ ಉಳೀತಿದ್ದನೇನ್ರೀ ಬಾಯಿ?' ಅಂತ ಇವರು ಕೇಳಿದರು. ಹಾಗೆ ಬದಲಾಯಿಸುವುದು ಮುಕಾದಮರ ಕೈಯಲ್ಲೇ ಇತ್ತಲ್ಲ. ಆ ಹುಡುಗಿ ಕಾಕಾನ ನಾಡಿ ಹಿಡಿದಳು.

ಬುಧವಾರ ಹೋದ. ಹೋಗುವ ಮುಂಚೆ ಅಣ್ಣನನ್ನು ಕೇಳಿದ್ದು ಒಂದೇ ಮಾತು, 'ಅಣ್ಣಾ, ಸೋಮವಾರದ ಹಾಜರಿ ಬಿತ್ತೇನು?' ಬಿತ್ತು ಅಂದರು ಇವರು. ಬಿದ್ದಿರಲಿಲ್ಲ. ಪಾಳಿ ಮುಗಿಸದೆ ಹೊರಬಿದ್ದವನಿಗೆ ಹಾಜರಿ ಇಲ್ಲ.

ದಿನಕರ್ಮ ಮುಗಿದ ಮೇಲೆ ನಿನ್ನ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಮ್ಯಾನೇಜರನ ಮುಂದೆ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದರು. ಅವನು ಕೆಟ್ಟವನಂತೆ ಮಾತಾಡಲಿಲ್ಲ, ಚಹಾ ತರಿಸಿದ. ಮರುದಿನ ಆ ಖಾತೆಯ ಎಲ್ಲರಿಗೂ ಮೂಗಿಗೆ ಕಟ್ಟಿಕೊಳ್ಳಲು ತುಂಡು ಬಟ್ಟೆ ಹಂಚಿಸಿದ. ಯಂತ್ರದ ಮಾತು ಎತ್ತಲಿಲ್ಲ. ಬಟ್ಟೆ ಕಟ್ಟಿದರೆ ಸೆಕೆಗೆ ಉಸಿರು ಕಟ್ಟುತ್ತದೆ ಅಂತ ಜನ ಅದರಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಾರೆ. ಗೇಟಿನ ಕೆಲಸ ಮಾತ್ರ ನಿಲ್ಲುವುದಿಲ್ಲ, ನೀವು ಒಲ್ಲೆ ಅಂದರೆ ಬೇರೆಯವರು ಮಾಡುತ್ತಾರೆ ಅಂದನಂತೆ. ಇವರು ಮುಕಾದಮಕಿ ಬಿಟ್ಟು ಬಂದರು. ಮಾಳೆ ತೆಗೆದು ವಿಠೋಬನ ಪಟದ ಮುಂದೆ ಇಟ್ಟಿದ್ದಾರೆ. ಭಜನೆಗೆ ಹೋಗುವುದಿಲ್ಲ. ಹಿರಾ ಕಾಕು ದಿನಾ ಬಂದು, 'ನೀವು ಉಣ್ಣದಿದ್ದರ ನಾನೂ ಉಣ್ಣಂಗಿಲ್ಲ ಭಾವಾ' ಅಂತ ತಾಟಿನ ಮುಂದೆ ಕೂರುತ್ತಾಳೆ. ಅವಳ ಮುಖ ನೋಡಲಾರದೆ ಇವರು ಗೋಡೆಯ ಕಡೆ ತಿರುಗಿ ಉಣ್ಣುತ್ತಾರೆ. ಅವಳು ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಕಾಕಾನ ಹೆಸರಿನಲ್ಲಿ ಅಲ್ಲಿಯೇ ಒಂದು ಬೊಗಸೆ ನೀರು ಬಿಡು. ಚಳಿಯಲ್ಲಿ ತಲೆಗೆ ಸುತ್ತಿಕೊಳ್ಳದೆ ಕಾವಲಿಗೆ ನಿಲ್ಲಬೇಡ. ನಿನ್ನ ಜೊತೆಯ ಹುಡುಗರಿಗೂ ನನ್ನ ಆಶೀರ್ವಾದ ಹೇಳು. ಅವರ ತಾಯಂದಿರ ಕಣ್ಣು ತಣ್ಣಗಿರಲಿ.

ನಿನ್ನ ಆಯಿ
ಅನುಸೂಯಾ

ತಾ.ಕ.: ನಿನ್ನ ಅಪ್ಪ ನಳದ ನೀರಿಗೆ ಹೋಗಿದ್ದಾರೆ, ಬರುವುದರೊಳಗೆ ಇದನ್ನು ಗೀಚುತ್ತಿದ್ದೇನೆ. ನಾಳೆಯಿಂದ ಅವರು ಸೋಪಾನನ ಜಾಗಕ್ಕೇ, ಅದೇ ಹತ್ತಿ ಹಿಂಜುವ ಖಾತೆಗೆ ಹೋಗುತ್ತಾರೆ. ಯಾರೂ ಹಾಕಲಿಲ್ಲ, ತಾವೇ ಕೇಳಿ ಹಾಕಿಸಿಕೊಂಡರು. 'ಅವ ನುಂಗಿದ್ದನ್ನ ನಾನೂ ನುಂಗತೀನಿ' ಅನ್ನುತ್ತಾರೆ. ನನ್ನ ಮಾತು ಕಿವಿಗೆ ಹೋಗುವುದಿಲ್ಲ. ನೀನು ಎದುರಿಗೆ ಬಂದು ನಿಂತರೆ ಕೇಳಿಯಾರು. ಇಂಥದ್ದಕ್ಕೆ ನಿಮ್ಮಲ್ಲಿ ರಜೆ ಕೊಡುವುದಿಲ್ಲವೆಂದು ಗೊತ್ತು. ಈ ಪತ್ರ ಮುಟ್ಟಲು ಒಂದು ವಾರ ಬಿಟ್ಟು, ತಾಯಿಗೆ ಸೀರಿಯಸ್ ಅಂತ ತಂತಿ ಕೊಡಿಸುತ್ತೇನೆ. ನೀನು ಗಾಬರಿಯಾಗಬೇಡ, ನಾನು ಗಟ್ಟಿಯಾಗಿದ್ದೇನೆ. ಸಾಹೇಬರ ಮುಂದೆ ಮಾತ್ರ ಅತ್ತುಬಿಡು.