ಎರಡು ಕೋಣೆ, ಒಂದೇ ಸುಳ್ಳು

ಹಲಬರ್ಗಾ,
೧೦ ಅಕ್ಟೋಬರ್ ೧೯೪೮

ಅಣ್ಣ ವೈಜಿನಾಥನಿಗೆ ತಂಗಿ ಅನುಸೂಯಾಳ ಶರಣಾರ್ಥಿ.

ಸೊಲ್ಲಾಪುರದ ಗಿರಣಿ ಕೆಲಸ ಮೈಗೆ ಒಗ್ಗಿದೆಯೇ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಎಷ್ಟು ಸಿಟ್ಟಿದ್ದರೂ ಇದನ್ನು ಕೇಳದೆ ಬರೆಯಲು ಕೈ ಏಳಲಿಲ್ಲ. ಇವರು ಬೀದರಿನ ಜೈಲಿನಿಂದ ಮನೆಗೆ ಬಂದಿದ್ದಾರೆ. ಬಲಗೈ ಬೆರಳು ಮಡಚಲು ಬರುವುದಿಲ್ಲ. ರೊಟ್ಟಿ ನಾನೇ ಮುರಿದು ಕೊಡುತ್ತೇನೆ.

ಹೋದ ವರ್ಷ ನೀನೂ ಇವರೂ ಸೇರಿ ನಿಜಾಮನ ಸರ್ಕಾರಕ್ಕೆ ಸೇಂದಿಯ ಆದಾಯ ತಪ್ಪಲೆಂದು ಈಚಲ ಗಿಡ ಕಡಿದಿರಿ. ಪೊಲೀಸರು ಹಿಡಿದೊಯ್ದು ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿದರು. ಸಂಜೆಗೆ ನೀನೊಬ್ಬನೇ ಬಂದೆ. ನಮ್ಮ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿದು, ‘ನಾ ಏನೂ ಬಾಯಿ ಬಿಟ್ಟಿಲ್ಲ ತಂಗಿ. ಮನ್ಮಥಪ್ಪಗೂ ನಾಳಿ ಬಿಡ್ತಾರ, ಅಂಜಬ್ಯಾಡ’ ಎಂದೆ. ಆ ವಾರವೇ ಊರು ಬಿಟ್ಟೆ.

ಆಗ ಠಾಣೆಯಲ್ಲಿ ಜವಾನನಾಗಿದ್ದ ಅಬ್ದುಲ ಸಮದ ಈಗ ನಮ್ಮ ಮನೆಯಲ್ಲಿದ್ದಾನೆ. ಹಿಂದೂಸ್ತಾನದ ಸೈನ್ಯ ಬಂದ ಮೇಲೆ ಅವನ ಓಣಿಗೆ ಬೆಂಕಿ ಬಿತ್ತು. ಹೆಂಡತಿ ಮಕ್ಕಳೊಂದಿಗೆ ಓಡಿ ಬಂದವನನ್ನು ಇವರೇ ಒಳಗೆ ಕರೆದರು. ನಿನ್ನೆ ಅವನು ನನಗೊಬ್ಬಳಿಗೇ ಎಲ್ಲ ಹೇಳಿದ. ನಿಮ್ಮ ಮೇಲೆ ಒಂದು ಸಾಕ್ಷಿಯೂ ಇರಲಿಲ್ಲವಂತೆ. ಇಬ್ಬರೂ ಸುಮ್ಮನಿದ್ದರೆ ಮರುದಿನ ಇಬ್ಬರನ್ನೂ ಬಿಡಲೇಬೇಕಿತ್ತಂತೆ. ಅದಕ್ಕೇ ಠಾಣೆಯ ಮೇಲಧಿಕಾರಿ ಅಮೀನ ಎರಡೂ ಕೋಣೆಗೆ ಹೋಗಿ, ‘ಅಂವ ನಿನ್ನ ಹೆಸರ ಹೇಳ್ಲಿಕತ್ತಾನ. ನೀ ಮೊದಲ ಹೇಳಿದರ ನಿನಗ ಬಿಡ್ತೇನಿ’ ಎಂದು ಒಂದೇ ಸುಳ್ಳು ಹೇಳಿದ. ಇವರು, ‘ವೈಜಣ್ಣ ಹೇಳಾಂವ ಅಲ್ರಿ’ ಎಂದರು. ಬೆರಳು ಮುರಿಯುವಾಗಲೂ ಅದನ್ನೇ ಎಂದರು.

ನಿನ್ನನ್ನು ಯಾರೂ ಮುಟ್ಟಿರಲಿಲ್ಲ. ಬಡಿತ ತಾಳದೆ ಹೇಳಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಇವರೆಲ್ಲಿ ಮೊದಲು ಹೇಳಿಬಿಡುತ್ತಾರೋ ಎಂದು ನೀನು ಮೊದಲು ಹೇಳಿದೆ. ಒಂದೇ ತಾಟಿನಲ್ಲಿ ಉಂಡವರನ್ನು ನಂಬದೆ ಆ ಅಮೀನನನ್ನು ನಂಬಿದೆಯಲ್ಲ ಅಣ್ಣಾ. ಆಮೇಲೆ ಬಂದು ನನ್ನ ಕೈಯ ಮಜ್ಜಿಗೆಯನ್ನೂ ಕುಡಿದೆ.

ಅತ್ತಿಗೆಗೆ ಶರಣು, ಮಕ್ಕಳಿಗೆ ಆಶೀರ್ವಾದ. ನಿನಗೆ ಏನು ಬರೆಯಬೇಕೋ ತೋಚುತ್ತಿಲ್ಲ.

ಅನುಸೂಯಾಬಾಯಿ

ತಾ.ಕ.: ಇವರಿಗೆ ಇನ್ನೂ ಏನೂ ಗೊತ್ತಿಲ್ಲ. ಯಾವನೋ ಸುಳ್ಳು ಸಾಕ್ಷಿ ಹೇಳಿದನೆಂದೇ ತಿಳಿದಿದ್ದಾರೆ. ಬಿಡುಗಡೆಯ ಸುದ್ದಿ ಕೇಳಿಯೂ ನೀನು ಬರಲಿಲ್ಲವೆಂದರೆ ಕಾಯಿಲೆ ಬಿದ್ದಿರಬೇಕೆಂದು, ನಿನ್ನನ್ನು ನೋಡಲು ಗುರುವಾರದ ಗಾಡಿಗೆ ಹೊರಡುತ್ತಿದ್ದಾರೆ. ನಾನು ತಡೆದಿಲ್ಲ, ಹೇಳಿಯೂ ಇಲ್ಲ. ಅವರ ಮುಖ ನೋಡಿ ನೀನೇ ಹೇಳು.