ಹರಿದ ಸ್ಪೀಕರಿನ ದನಿ

ಬೈಲಹೊಂಗಲ
ಭಾನುವಾರ, 16 ನವೆಂಬರ್ 2025

ಪ್ರೀತಿಯ ಅಣ್ಣ ಭೀಮಶಿಗೆ,

ತಮ್ಮ ಸುಭಾಸನ ಜೈಭೀಮ. ಎಡಗೈ ಬೆರಳಿನ ಜೋಮು ಈಗ ಹೇಗಿದೆ? ಹೋದ ತಿಂಗಳು ನೀನು ಸಕ್ಕರೆ ಇನ್ನೂರ ಹತ್ತಕ್ಕೆ ಬಂದಿದೆ ಎಂದಿದ್ದೆ. ಆಮೇಲೆ ಪರೀಕ್ಷೆ ಮಾಡಿಸಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ವಾಸ್ಕೋದಲ್ಲಿ ಅನ್ನ ಬಿಟ್ಟು ಬೇರೇನೂ ಸಿಗುವುದಿಲ್ಲ ಎಂಬ ನಿನ್ನ ಮಾತನ್ನು ಮಾಲಾ ನಂಬುವುದಿಲ್ಲ. “ಬಾವಾರಿಗೆ ಜ್ವಾಳದ ಹಿಟ್ಟ ಬಸ್ಸಿಗೆ ಹಾಕಿ ಕಳಸೂಣು, ರೊಟ್ಟಿ ಬಡಿಯೂದು ಅವರ ಕಲೀಲಿ” ಎನ್ನುತ್ತಾಳೆ. ಅಪ್ಪನಿಗೆ ಎಂಬತ್ತೊಂದು ನಡೆಯುತ್ತಿದೆ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಇನ್ನೂ ಕೆಲಸ ಮಾಡುತ್ತದೆ. ಸ್ನಾನಕ್ಕೆ ನಾನೇ ಹಿಡಿದುಕೊಂಡು ಹೋಗಬೇಕು. ನನ್ನದು ವಿಶೇಷವೇನಿಲ್ಲ. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಂಗಡಿಯಲ್ಲಿ ಸುಟ್ಟ ಮೋಟರುಗಳು, ಸಂಜೆ ಮತ್ತೆ ಅಪ್ಪ. ದಣಿವಾಗಿದೆ ಎಂದು ಯಾರಿಗಾದರೂ ಹೇಳಬೇಕೆನಿಸುತ್ತದೆ. ಫೋನಿನಲ್ಲಿ ನೀನು “ಮಳಿ ಆತೇನು?” ಎನ್ನುತ್ತೀ, ನಾನು “ಆತು” ಎನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಸುದ್ದಿ ಏನೆಂದರೆ, ಹೋದ ಗುರುವಾರ ನಮ್ಮ ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಯ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಒಬ್ಬಳು ಬಂದಿದ್ದಳು. ಹೆಸರು ಅನ್ನಪೂರ್ಣಾ, ಊರು ಮುರಗೋಡ, ವಯಸ್ಸು ಮೂವತ್ತರ ಒಳಗೆ. ಹುಬ್ಬಳ್ಳಿಯಲ್ಲಿ ಹಾಡು ರೆಕಾರ್ಡ್ ಮಾಡುವ ಸಣ್ಣ ಕೋಣೆ ಇಟ್ಟುಕೊಂಡಿದ್ದಾಳೆ. ಗಾಜಿನ ವಾಲ್ವುಗಳ ಹಳೆಯ ಆಂಪ್ಲಿಫೈಯರುಗಳನ್ನು ಹುಡುಕಿ, ಅವು ಸಾಯುವುದರೊಳಗೆ ಅವುಗಳ ದನಿಯನ್ನು ಉಳಿಸಿಡುತ್ತಾಳಂತೆ. ನಮ್ಮ ಪೆಟ್ಟಿಗೆಯ ಸುಳಿವು ಅವಳಿಗೆ ಸಿಕ್ಕಿದ್ದು ಕಿತ್ತೂರಿನಲ್ಲಿ ನೀನು ನುಡಿಸಿದ ಆ ಕಾರ್ಯಕ್ರಮದ ಕ್ಯಾಸೆಟ್ಟಿನಿಂದ. ಅವತ್ತು ವೇದಿಕೆಯ ಕೆಳಗೆ ಕೂತು ಯಾರೋ ತುಂಬಿಕೊಂಡಿದ್ದರಲ್ಲ, ಅದರ ನಕಲುಗಳು ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಿಗೆಲ್ಲ ಹೋಗಿದ್ದವಂತೆ. ಅವಳ ಸೋದರಮಾವನ ಟ್ರ್ಯಾಕ್ಟರಿನಲ್ಲಿ ಹತ್ತು ವರ್ಷ ಅದೇ ಒಂದು ಕ್ಯಾಸೆಟ್ ಓಡಿದೆ. “ಆ ಗಿಟಾರ ಗಂಟಲ ಕಟ್ಟಿದ ಮನಶ್ಯಾ ಹಾಡಿಧಂಗ ಹಾಡತೈತ್ರಿ ಕಾಕಾ, ಅಂಥಾ ದನಿ ನಾ ಎಲ್ಲೂ ಕೇಳಿಲ್ಲ” ಎಂದಳು.

ನಿನಗೆ ಗೊತ್ತಿರುವುದೇ ಆದರೂ, ಅವಳಿಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. 1982ರ ಸಂಪಿನಲ್ಲಿ ಬಟ್ಟೆ ಗಿರಣಿ ಮುಚ್ಚಿದಾಗ ಅಪ್ಪ ಮುಂಬೈಯಿಂದ ತಂದದ್ದು ಎರಡು ಸಾಮಾನು: ರೇಡಿಯೋ ರಿಪೇರಿಯ ವಿದ್ಯೆ ಮತ್ತು ಈ ಪೆಟ್ಟಿಗೆ. ಅದರ ಮೇಲೆ ಭೀಮಗೀತೆ ಹಾಡುವ ಪಾರ್ಟಿ ಕಟ್ಟಿದ. ಸಾಲಹಳ್ಳಿ, ಹೂಲಿ, ರಾಮದುರ್ಗದ ಓಣಿ ಓಣಿಗಳಲ್ಲಿ ನೀನು ಗಿಟಾರ್ ಹಿಡಿದು ನಿಂತರೆ ಜನ ಅಪ್ಪನನ್ನು ಗಿಟಾರಿನವನ ತಂದೆ ಎಂದೇ ಗುರುತಿಸುತ್ತಿದ್ದರು. 1999ರ ಏಪ್ರಿಲ್ 13ರ ಬೆಳಿಗ್ಗೆ ಹೊಸ ಆಂಪ್ಲಿಫೈಯರ್ ಬೇಕೆಂದು ನೀನು ಜಗಳ ತೆಗೆದೆ. “ಈ ಡಬ್ಬೀನ ಒದ್ದು ಒಗಿತೇನಿ” ಎಂದೂ ಅಂದೆ. ಮರುದಿನದ ಕಿತ್ತೂರಿನ ಜಯಂತಿ ಕಾರ್ಯಕ್ರಮಕ್ಕೆಂದು ಅವ್ವ ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ ಒಗೆದು ಹಾಕಿದ್ದಳು, ಸ್ಪೀಕರಿನ ಅದುರುವ ಕಾಗದ ಹೊರಗೆ ಕಾಣುತ್ತಿತ್ತು. ಸಂಜೆ ಅವಳೇ ಬಟ್ಟೆಯನ್ನು ಮತ್ತೆ ಬಿಗಿದಳು, ಒಳಗೆ ನೋಡಲಿಲ್ಲ. ಕಿತ್ತೂರಿನ ವೇದಿಕೆಯ ಮೇಲೆ ಮೊದಲ ತಂತಿ ಮೀಟಿದ್ದೇ ಪೆಟ್ಟಿಗೆ ಗರ್ ಎಂದಿತು. ಕೆಳಗಿನಿಂದ ಯಾರೋ ಅಪ್ಪನಿಗೆ “ಲಗಮಪ್ಪಾ, ಪೆಟ್ಟಿಗ್ಯಾಗ ನಾಯಿ ಕೂಡಿಸಿಯೇನೋ?” ಎಂದು ಕೂಗಿದರು. ನೀನು ಎರಡು ತಾಸು ಹಾಗೆಯೇ ನುಡಿಸಿದೆ. ಮನೆಗೆ ಬಂದು ಬಟ್ಟೆ ಸರಿಸಿ ನೋಡಿದರೆ ಕಾಗದ ಹರಿದಿತ್ತು. ಒದ್ದಿಲ್ಲ ಎಂದು ನೀನು ಅವ್ವನ ಆಣೆ ಮಾಡಿದೆ. “ಸುಳ್ಳ ಹೇಳೋ ಬಾಯಿಗೆ ನನ್ನ ಮನ್ಯಾಗ ಕೂಳಿಲ್ಲ” ಎಂದು ಅಪ್ಪ ಅಂದ. ಬೆಳಗಿನ ಬಸ್ಸಿಗೆ ನೀನು ಗೋವಾಕ್ಕೆ ಹೋದೆ. ನಿನ್ನ ಆಣೆ, ನೀನು ಹೋದದ್ದು, ಈ ಕೊನೆಯ ಭಾಗವನ್ನು ನಾನು ಅನ್ನಪೂರ್ಣಾಳಿಗೆ ಹೇಳಿರಲಿಲ್ಲ. ಅಪ್ಪನೇ ಹೇಳಿದ.

ಆಮೇಲೆ ಆ ಪೆಟ್ಟಿಗೆಯನ್ನು ಅಪ್ಪ ಯಾರಿಗೂ ಬಿಚ್ಚಲು ಬಿಟ್ಟಿಲ್ಲ. ಪ್ರತಿ ವರ್ಷ ಏಪ್ರಿಲ್ 14ರಂದು ಹತ್ತು ನಿಮಿಷ ಕರೆಂಟು ಕೊಟ್ಟು, ಹಿಂದಿನ ಜಾಲರಿಯಿಂದ ವಾಲ್ವುಗಳು ಕೆಂಪಾಗುವುದನ್ನು ನೋಡಿ, ಮತ್ತೆ ಚಾದರ ಹೊದಿಸುತ್ತಾನೆ. ಹೊಸ ಸ್ಪೀಕರ್ ಹಾಕಿಸೋಣ ಎಂದು ನಾನು ಎರಡು ಸಲ ಕೇಳಿದ್ದೆ. ಎರಡು ಸಲವೂ ಒಂದೇ ಉತ್ತರ: “ಯಾರ ಹರದಾರೋ ಅವರ ಬಂದು ಹೊಲೀಲಿ.” ಈಗ ಈ ಹುಡುಗಿ ಬರುತ್ತಾಳೆಂದು ಗೊತ್ತಾದಾಗ, ಮನೆಗೆ ಯಾರಾದರೂ ಬಂದರೆ ನೆಲ ಸಾರಿಸುವುದಿಲ್ಲವೇ, ಹಾಗೆ ಪೆಟ್ಟಿಗೆಯೂ ನೆಟ್ಟಗಿರಲಿ ಎಂದು ಬೆಳಗಾವಿಯಿಂದ ಅದೇ ಅಳತೆಯ ಹೊಸ ಸ್ಪೀಕರ್ ತಂದು ಅಂಗಡಿಯಲ್ಲಿ ಬಚ್ಚಿಟ್ಟಿದ್ದೆ. ಅಪ್ಪ ಬಿಸಿಲಿಗೆ ಕೂತಾಗ ಬದಲಿಸಿಬಿಡುವುದೆಂದು ಲೆಕ್ಕ. ಒಂಬತ್ತರ ಬಸ್ಸಿಗೆ ಬರುತ್ತೇನೆ ಎಂದವಳು ಏಳೂವರೆಗೇ ಬಂದು ಬಾಗಿಲಲ್ಲಿ ನಿಂತಳು, ಹೆಗಲಿಗೆ ಲ್ಯಾಪ್‌ಟಾಪ್, ಬೆನ್ನಿಗೆ ಗಿಟಾರು, ಕೈಯಲ್ಲಿ ಗೋಣಿಚೀಲದೊಳಗೆ ಮೈಕಿನ ಸ್ಟ್ಯಾಂಡು. ಹೊಸ ಸ್ಪೀಕರ್ ಇನ್ನೂ ಡಬ್ಬದಲ್ಲೇ ಇದೆ.

ಕೆಲಸ ನಾನು ತಿಳಿದಂತೆ ಹೀಗೆ. ಕಂಪ್ಯೂಟರು ತನಗೆ ಗೊತ್ತಿರುವ ಒಂದು ಸದ್ದನ್ನು ಪೆಟ್ಟಿಗೆಯೊಳಗೆ ಕಳಿಸುತ್ತದೆ, ಸ್ಪೀಕರಿನ ಮುಂದಿನ ಮೈಕು ಹೊರಗೆ ಬಂದದ್ದನ್ನು ಹಿಡಿಯುತ್ತದೆ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಕಂಪ್ಯೂಟರು ಕಲಿಯುತ್ತದೆ. ಕಲಿತ ಮೇಲೆ ಪೆಟ್ಟಿಗೆ ಇಲ್ಲದಿದ್ದರೂ ಪೆಟ್ಟಿಗೆಯ ದನಿ ಇರುತ್ತದೆ. ಸದ್ದು ಕಳಿಸುವುದು ಬರೀ ಮೂರು ನಿಮಿಷ, ಆದರೆ ಆ ಮೂರು ನಿಮಿಷ ವೋಲ್ಟೇಜು ಅಲುಗಾಡಬಾರದು. ನಮ್ಮ ಗೋಡೆಗೆ ಹತ್ತಿಕೊಂಡೇ ಕಾಡಪ್ಪನ ಹಿಟ್ಟಿನ ಗಿರಣಿ ಇದೆಯಲ್ಲ. ಅವನ ಕೈಕಾಲು ಹಿಡಿದು ಒಂದು ತಾಸು ಗಿರಣಿ ನಿಲ್ಲಿಸಿದೆ. ಅಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದ ಇಂದ್ರವ್ವ ನಮ್ಮ ಕಟ್ಟೆಗೇ ಬಂದು, “ಏನ ನಡಸೀರಿ ಒಳಗ, ಮದವಿಯೋ ಜಾತ್ರಿಯೋ?” ಎಂದು ಕೇಳಿದಳು. ಪೆಟ್ಟಿಗೆಯ ಫೋಟೋ ತೆಗೆದ ಹಾಗೆ, ದನಿಯ ಫೋಟೋ ಎಂದು ಮಾಲಾ ವಿವರಿಸಿದಳು. “ದನಿ ಫೋಟೋ ತಗೀಲಿಕ್ಕ ನನ್ನ ಜ್ವಾಳ ಯಾಕ ಕಾಯಬೇಕವಾ? ನನ್ನ ಮನ್ಯಾಗ ಐದ ಮಂದಿ ಉಣ್ಣವರದಾರ, ಅವರ ಫೋಟೋ ತಗೀರಿ” ಎಂದು ಬೈದು, ಕೊನೆಗೆ ನಮ್ಮ ಹೊಸ್ತಿಲಲ್ಲೇ ಕೂತು ಚಹಾ ಕುಡಿದು ಎಲ್ಲ ಕೇಳಿ ಹೋದಳು.

ಕರೆಂಟು ಕೊಡುವ ಮೊದಲು ಒಳಗೆ ನೋಡಲೇಬೇಕು ಎಂದು ಅನ್ನಪೂರ್ಣಾ ಹಟ ಹಿಡಿದಳು. ಅಪ್ಪ ಒಪ್ಪಲಾರ ಎಂದುಕೊಂಡಿದ್ದೆ. “ಬಿಚ್ಚವಾ, ನಿನಗ ಅದರ ಕಾಳಜಿ ಐತಿ” ಎಂದುಬಿಟ್ಟ. ಹಿಂದಿನ ಹಲಗೆಗೆ ಕೈ ಹಾಕಿದವಳು, “ಮೂರ ಸ್ಕ್ರೂ ಅದಾವಲ್ಲರಿ ಕಾಕಾ, ನಾಕನೇದ ಎಲ್ಲಿ?” ಎಂದಳು. ಹಳೆಯ ಪೆಟ್ಟಿಗೆ, ಎಲ್ಲಿಯೋ ಬಿದ್ದಿರಬೇಕು ಎಂದೆ. ಹಲಗೆ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನ ಎಡಗಿವಿಯ ಹತ್ತಿರ ಬಂದು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: “ಅಜ್ಜಾರ, ಇದು ಒದ್ದು ಹರದದ್ದಲ್ಲ. ಕಾಗದದ ಅಂಚು ಮುಂದಕ್ಕ ಹೊಳ್ಳೇತಿ ನೋಡ್ರಿ. ಹಿಂದಿಂದ ಏನೋ ಚುಚ್ಚೇತಿ.” ಅಪ್ಪ ಅವಳ ಕೈ ಹಿಡಿದು ಎದ್ದು, ಬಗ್ಗಿ, ಬೆರಳಿನಿಂದ ಹರುಕಿನ ಅಂಚನ್ನು ಸವರಿದ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಬೆರಳು. ಅದಕ್ಕೆ ಎರಡನೆಯ ಸಲ ಸವರುವುದು ಬೇಕಾಗಲಿಲ್ಲ. “ಸಿಟ್ಟಿನ್ಯಾಗ ನಾ ಮುಂದಿಂದ ಅಷ್ಟ ನೋಡಿದೆ” ಎಂದ. ಆಗಲೇ ಅವಳಿಗೆ ನಿನ್ನ ವಿಷಯ ಹೇಳಿದ್ದು.

ಕೆಲಸ ಚೆನ್ನಾಗಿಯೇ ಆಯಿತು. ಇಪ್ಪತ್ತು ನಿಮಿಷ ವಾಲ್ವು ಕಾಯಿಸಿ, ಮೂರು ನಿಮಿಷ ಆ ಸದ್ದು ಬಿಟ್ಟಳು, ಮೊದಲು ಸಿಳ್ಳೆ, ಆಮೇಲೆ ಮಳೆ ಸುರಿದಂತೆ, ಆಮೇಲೆ ತುಂಡು ತುಂಡು ಗಿಟಾರು. ಕಂಪ್ಯೂಟರು ಕಲಿಯಲು ಅರ್ಧ ತಾಸು ತೆಗೆದುಕೊಂಡಿತು. ಆಮೇಲೆ ಪೆಟ್ಟಿಗೆ ಆರಿಸಿ, ತನ್ನ ಗಿಟಾರನ್ನು ಲ್ಯಾಪ್‌ಟಾಪಿಗೆ ಹಚ್ಚಿ, ಕಿತ್ತೂರಿನಲ್ಲಿ ನೀನು ನುಡಿಸಿದ ಮೊದಲ ಹಾಡಿನ ನಾಲ್ಕು ಸಾಲು ನುಡಿಸಿದಳು. ಪೆಟ್ಟಿಗೆ ತಣ್ಣಗೆ ಕೂತಿತ್ತು, ಅದರ ಗರಗರ ಮಾತ್ರ ಕೋಣೆಯಲ್ಲಿತ್ತು. ನಾನು ಹೊರಗೆ ಹೋಗಿ ನಿಂತೆ. ಒಳಗೆ ಅಪ್ಪ ಹೇಳುತ್ತಿದ್ದದ್ದು ಕೇಳಿಸಿತು: “ಈ ಸಪ್ಪಳಕ್ಕ ನಾ ಮಗನ್ನ ಹೊರಗ ಹಾಕಿದೆ. ನೀ ಇದನ್ನ ಹುಡುಕ್ಕೊಂಡ ಬಂದಿ.” ಉಳಿಸಿದ ಈ ದನಿಗೆ ಏನು ಹೆಸರಿಡೋಣ ಎಂದು ಅವಳು ಕೇಳಿದಾಗ, “ಕಿತ್ತೂರ ಅಂತ ಇಡು. ಅಲ್ಲೇ ನನ್ನ ಬುದ್ಧಿ ಹೋತು” ಎಂದ.

ಅವಳು ಹೋದ ಮೇಲೆ ಎರಡು ದಿನ ಅಪ್ಪ ಪೆಟ್ಟಿಗೆಯ ಹಿಂದೆಯೇ ಕೂತಿದ್ದ. ನಿನ್ನೆ ಸಂಜೆ ಕೇಳಿದ, “ಹಿಂದಿನ ಹಲಗಿ ಯಾರ ಬಿಚ್ಚಿದ್ದರು?” ಗೊತ್ತಿಲ್ಲ ಎಂದೆ. “ಹ್ಞೂಂ” ಎಂದು ಬಲಗಿವಿ ನನ್ನ ಕಡೆಗೆ ಮಾಡಿ ಮಲಗಿದ. ಇವತ್ತು ಬೆಳಿಗ್ಗೆ ಎದ್ದವನೇ ಹೇಳಿದ, “ಭೀಮಶಿಗೆ ಬರಿ. ತಪ್ಪ ನಂದು ಅಂತ ಬರಿ. ಬಾ ಅಂತ ಬರೀಬ್ಯಾಡ, ಹಾಂಗ ಬರಿಯಾಕ ನನಗ ಮುಖ ಇಲ್ಲ.” ಅವನು ಹೇಳಿದ್ದನ್ನು ಬರೆದಿದ್ದೇನೆ. ಬಾ ಎಂದು ಬರೆಯುತ್ತಿರುವುದು ನಾನು. 2011ರಲ್ಲಿ ಅವ್ವನ ಮಣ್ಣಿಗೆ ಬಂದು ಅವನೊಡನೆ ಒಂದು ಮಾತೂ ಆಡದೆ ಹೋದೆ. ಈ ಸಲ ಅವನ ಎಡಗಡೆ ಕೂತುಕೋ.

ಮಾಲಾಳ ನಮಸ್ಕಾರ. ಮಾತ್ರೆ ಬಿಡಬೇಡ. ಚಳಿ ಬಿದ್ದಿದೆ, ಬರುವಾಗ ಸ್ವೆಟರ್ ತಾ.

ನಿನ್ನ ತಮ್ಮ,
ಸುಭಾಸ

ತಾ.ಕ.: ಲಕೋಟೆಯಲ್ಲಿ ಒಂದು ಹಿತ್ತಾಳೆಯ ಸ್ಕ್ರೂ ಇದೆ, ಚೆಲ್ಲಬೇಡ. ಅದು ನಾಲ್ಕನೆಯದು. ಜಗಳವಾದ ದಿನ ಮಧ್ಯಾಹ್ನ ಅಪ್ಪ ಢೋಲಕಿಯವನನ್ನು ಕರೆತರಲು ರಾಮದುರ್ಗಕ್ಕೆ ಹೋಗಿದ್ದ, ನೀನು ಸಿಟ್ಟಿನಿಂದ ಹೊರಗೆ ಹೋಗಿದ್ದೆ. ಒಳಗೊಂದು ವೈರು ಸಡಿಲಾಗಿತ್ತು. ಬೆಸುಗೆ ಹಾಕಿ ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಹಲಗೆ ಬಿಚ್ಚಿದವನು ನಾನು. ಸ್ಕ್ರೂಡ್ರೈವರ್ ಜಾರಿತು. ಗಾಬರಿಯಲ್ಲಿ ಮೂರೇ ಸ್ಕ್ರೂ ಹಾಕಿ ಮುಚ್ಚಿದೆ. ನೀನು ಆಣೆ ಮಾಡುವಾಗ ನಾಲ್ಕನೆಯದು ನನ್ನ ಕಿಸೆಯಲ್ಲಿತ್ತು. ನನಗಾಗ ಹತ್ತೊಂಬತ್ತು ವರ್ಷ, ನಾಳೆ ಹೇಳಿದರಾಯಿತು ಎಂದುಕೊಂಡೆ, ಬೆಳಿಗ್ಗೆ ನೀನಿರಲಿಲ್ಲ. ಹೊಸ ಸ್ಪೀಕರ್ ತಂದದ್ದೂ ಮನೆ ಸಾರಿಸಿದ ಹಾಗಲ್ಲ, ಹರುಕು ಯಾರ ಕಣ್ಣಿಗೂ ಬೀಳದಿರಲಿ ಎಂದು. ಹರಿದವನು ಬಂದು ಹೊಲಿಯಲಿ ಎಂದು ಅಪ್ಪ ಇಪ್ಪತ್ತಾರು ವರ್ಷ ಕಾದ. ಹರಿದವನು ಇಲ್ಲೇ ಇದ್ದ, ದಿನಾ ಅವನಿಗೆ ಊಟ ಬಡಿಸುತ್ತ. ಅಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದ, ಕೆಮ್ಮುತ್ತಿದ್ದಾನೆ. ಚಹಾ ಕೊಟ್ಟು ಅವನ ಎಡಗಿವಿಗೆ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು, ಅದಕ್ಕೆ ಮೊದಲು ಬರೆದೆ. ಹಲಗೆಯ ಆ ಮೂಲೆ ಇನ್ನೂ ಖಾಲಿ ಇದೆ.