ಕೆಂಪು ಲೇಸು

ಮಾರ್ಚ್ 4
ಕಪ್ಪು ಜೀನ್ಸ್, ಮಂಡಿಯ ಬಳಿ ನಾನೇ ಹರಿದದ್ದು. ಕಪ್ಪು ಜಾಕೆಟ್, ಬೆನ್ನ ತುಂಬ ಸೇಫ್ಟಿ ಪಿನ್. ಎಲ್ಲ ಸರಿ, ಕಾಲಿಗೆ ಬಂದಾಗ ಎಡವಟ್ಟು. ಬಿಳಿ ಕ್ಯಾನ್ವಾಸ್ ಶೂ. ಪಂಕ್ ಹುಡುಗಿಯಲ್ಲ, ಡ್ರಿಲ್ ಕ್ಲಾಸಿಗೆ ಹೊರಟವಳು. ಟೈಲರ್ ಅಂಗಡಿಯ ಕೆಲಸ ಮುಗಿಸಿ ಹಳೇ ಸಾಮಾನಿನ ಬಜಾರಿಗೆ ಹೋದೆ. ಸಿಕ್ಕಿತು... ಕಪ್ಪು ಬೂಟು, ದಪ್ಪ ಅಟ್ಟೆ. ಲೇಸು ಇರಲಿಲ್ಲ. ಕೆಂಪು ಕೊಂಡೆ, ಲಿಪ್‌ಸ್ಟಿಕ್‌ಗೆ ಮ್ಯಾಚ್.
ಪಾರ್ಲರಿನಲ್ಲಿ ಕೂದಲು ಕತ್ತರಿಸುವ ನನ್ನ ಅಕ್ಕ ಮನೆಗೆ ಬಂದವಳೇ ನೋಡಿ ನಕ್ಕಳು. "ಯಾರ್ನ ಒದಿಯೋಕೆ ಹೊರಟಿದ್ದೀಯೇ?"

ಮಾರ್ಚ್ 7, ಸಂಜೆ
ಪಂಕ್ ಬ್ಯಾಂಡ್ ನುಡಿಸುವ ಗೋಡೌನಿಗೆ ಹೋದೆ. ಜನ ತಾವಾಗಿಯೇ ದಾರಿ ಬಿಟ್ಟರು. ಡ್ರಮ್ ಬಾರಿಸುವ ಗೆಳತಿ ಗುಬ್ಬಿ ನನ್ನನ್ನು ಮೂಲೆಗೆ ಎಳೆದೊಯ್ದಳು.
"ಕೆಂಪು ಲೇಸು ಯಾರು ಕೊಟ್ರು ನಿಂಗೆ?"
"ಕೊಂಡ್ಕೊಂಡೆ."
"ಅದು ಸೇತುವೆ ಗ್ಯಾಂಗ್‌ನೋರ್ದು ಕಣೇ. ಯಾರಿಗಾದ್ರೂ ರಕ್ತ ಬರೋ ಹಾಗೆ ಹೊಡೆದ್ಮೇಲೆ ಹಾಕ್ಕೋತಾರೆ. ಸುಮ್ನೆ ಹಾಕ್ಕೊಂಡೋರನ್ನ ಬಿಡಲ್ಲ. ಇವತ್ತೇ ಬಿಚ್ಚು."
ಸರಿ ಎಂದು ತಲೆಯಾಡಿಸಿದೆ.

ಮಾರ್ಚ್ 8
ಕಪ್ಪು ಲೇಸು ಹಾಕಿ ನೋಡಿದೆ. ಸಪ್ಪೆ. ಮತ್ತೆ ಕೆಂಪನ್ನೇ ಪೋಣಿಸಿದೆ. ನಿಜ ಹೇಳಬೇಕೆಂದರೆ, ಜನ ದಾರಿ ಬಿಟ್ಟದ್ದು ಹಿತವಾಗಿತ್ತು. ಅಂಗಡಿಯಲ್ಲಿ ನನಗೆ ಯಾರೂ ಸ್ಟೂಲ್ ಸಹ ಬಿಟ್ಟುಕೊಡುವುದಿಲ್ಲ.

ಮಾರ್ಚ್ 12, ಬೆಳಿಗ್ಗೆ 9
ಸ್ನಾನ ಮಾಡಿ ಬಂದರೆ ಬೂಟು ಇಲ್ಲ. ಅಕ್ಕನ ಕಿತ್ತುಹೋದ ಚಪ್ಪಲಿ ಬಾಗಿಲಲ್ಲಿ ಬಿದ್ದಿದೆ. ನನ್ನದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಾಳೆ, ಪಾರ್ಲರಿನ ಗುಲಾಬಿ ಯೂನಿಫಾರ್ಮಿನ ಕೆಳಗೆ ಆ ಬೂಟು. ಸೇತುವೆ ದಾಟಿಯೇ ಹೋಗಬೇಕು... ಏಳು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ಮಾರ್ಚ್ 13
ನಿನ್ನೆ ಬೆಳಿಗ್ಗೆಯ ನಂತರ ಬರೆಯಲಾಗಲಿಲ್ಲ. ಮಧ್ಯಾಹ್ನ ಪಾರ್ಲರ್ ಒಡತಿ ಅಕ್ಕನನ್ನು ಆಟೋದಲ್ಲಿ ಕರೆತಂದರು. ಬಲಗೈಗೆ ಪ್ಲಾಸ್ಟರ್. ಮಣಿಕಟ್ಟು ಮುರಿದಿದೆ. ಆರು ವಾರ ಕತ್ತರಿ ಹಿಡಿಯುವಂತಿಲ್ಲ.
"ಮೂರು ಜನ ಕಣೇ. ನನ್ನ ಮುಖ ನೋಡ್ಲೇ ಇಲ್ಲ, ಬರೀ ಕಾಲು ನೋಡಿದ್ರು. ಬಿಚ್ಚು ಅಂದ್ರು. ತಮಾಷೆ ಅಂದ್ಕೊಂಡು ನಕ್ಕೆ. ಸೇತುವೆ ಮೆಟ್ಟಿಲಿಂದ ತಳ್ಳಿದ್ರು. ಜನ ಸೇರಿದ್ಮೇಲೆ ಓಡಿದ್ರು."
ಬೂಟು ತೆಗೆಯೆಂದು ಕಾಲು ಚಾಚಿದಳು. ನೆಲದ ಮೇಲೆ ಕೂತೆ. ಒಂದನ್ನು ತೆಗೆಯುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ಗುಬ್ಬಿ ಎಚ್ಚರಿಸಿದ್ದು, ನಾನು ಬಿಚ್ಚದೇ ಇದ್ದದ್ದು.
"ಗೊತ್ತಿತ್ತಾ ನಿಂಗೆ?"
"ಐದು ದಿನದಿಂದ."
ಬೈಯಲಿಲ್ಲ. ಇನ್ನೊಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಎಡಗೈಯಲ್ಲಿ ತಾನೇ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿತ್ತು. ಬೆರಳು ಜಾರುತ್ತಿತ್ತು. ನಾನು ಕೈ ಚಾಚಿದೆ, ಅವಳು ನನಗೆ ಬೆನ್ನು ತಿರುಗಿಸಿ ಕೂತು ಗಂಟು ಬಿಚ್ಚುತ್ತಲೇ ಇದ್ದಳು.